ಎಡಗಿವಿಯ ಅಳತೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ,
ಹೂವಿನ ಅಂಗಡಿಗೂ ಗಡಿಯಾರ ರಿಪೇರಿಗೂ ನಡುವೆ
ಆರಡಿ ಅಗಲ ನನ್ನ ಅಂಗಡಿ.
ಹನ್ನೊಂದರ ಹೊತ್ತಿಗೆ ನಗೀನಾ ಬಂದಳು,
ಪೆನ್ಷನ್ ಮೊಹಲ್ಲಾದವಳು, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು.
ಅಂಗೈ ಬಿಚ್ಚಿದಳು.
ಎರಡು ಕಪ್ಪು ಹುಣಿಸೆಬೀಜ,
ಒಂದೊಂದಕ್ಕೂ ಒಂದು ಕೊಕ್ಕೆ, ಕೊಕ್ಕೆಯ ತುದಿಗೆ ಗುಂಡು.

‘ಆಚಾರ್ರೇ, ಇದು ಇಯರ್‌ಫೋನು.
ತೂತಿಗೆ ತುರುಕೋದಲ್ಲ, ಅಂಚಿಗೆ ಕಚ್ಚಿಸೋದು.
ಬಲಗಿವಿಗೆ ಹಾಕಿದ್ದೇ ಮರೆತುಹೋಗುತ್ತೆ.
ಎಡಗಿವಿ ಮಾತ್ರ ಊಟದ ಬೆಲ್ಲಿನ ಹೊತ್ತಿಗೆ ಉರಿಯೋಕೆ ಶುರು.
ಒಸಿ ಸಡಿಲ ಮಾಡಿಕೊಡಿ.’

ಮೂವತ್ತೊಂದು ವರ್ಷ ಕಿವಿ ಚುಚ್ಚಿದ್ದೇನೆ.
ಯಾರದೂ ಎರಡು ಕಿವಿ ಒಂದೇ ಅಲ್ಲ.
ತಾಯಂದಿರು ಎದುರು ಕೂತು, ಒಂದು ಕಣ್ಣು ಮುಚ್ಚಿ,
‘ಆ ಚುಕ್ಕೆ ಒಂದು ಎಳ್ಳು ಮೇಲಾಯ್ತು’ ಅನ್ನುತ್ತಾರೆ.
ಚುಕ್ಕೆ ಸರಿಯಾಗೇ ಇರುತ್ತೆ, ಮೇಲಿರುವುದು ಕಿವಿ.
ಅದನ್ನು ಹೇಳುವುದಿಲ್ಲ. ಮಗು ಹೇಗೂ ಅಳುತ್ತಿರುತ್ತದೆ.

ಚಿಮುಟದಲ್ಲಿ ಹಿಡಿದು ಕೊಕ್ಕೆ ಅಗಲಿಸಿದೆ.
ಅಗಲವಾಯಿತು. ಬಿಟ್ಟೆ. ವಾಪಸ್ಸು ಬಂತು.
ಇನ್ನಷ್ಟು ಅಗಲಿಸಿದೆ. ಮತ್ತೆ ಬಂತು,
ಮಾರಿದ ಮೇಲೂ ಹಳೇ ಕೊಟ್ಟಿಗೆಗೇ ಬರುವ ಹಸುವಿನ ಹಾಗೆ.
ಚಿನ್ನಕ್ಕೆ ಈ ಹಟ ಇಲ್ಲ,
ಬಗ್ಗಿಸಿದಲ್ಲೇ ಇದ್ದುಬಿಡುತ್ತದೆ, ಹಿಂದಿನದು ಏನೂ ನೆನಪಿಲ್ಲದೆ.
ಇದು ಯಾವ ತಳಿಯ ತಂತಿಯೋ!
ಕಾಯಿಸೋಣವೆಂದರೆ ಮೇಲೆ ರಬ್ಬರು, ಒಳಗೆ ಬ್ಯಾಟರಿ.

ಒಡವೆ ಬಗ್ಗದಿದ್ದರೆ ಜಾಗ ಬದಲಿಸು, ಅನ್ನುತ್ತಿದ್ದರು ನಮ್ಮಪ್ಪ.
ಬುಗುಡಿ ಕಾಲದವರು. ಕಿವಿಯ ಮೇಲಂಚಿನ
ಮೂಳೆಯೂ ಅಲ್ಲದ ಮಾಂಸವೂ ಅಲ್ಲದ ಆ ಮಡಿಕೆಯನ್ನು
ಬೆರಳಲ್ಲೇ ಓದುತ್ತಿದ್ದರು.
ನಗೀನಳನ್ನು ಕೇಳಿ, ದುಪಟ್ಟಾ ಅವಳೇ ಸರಿಸಿದ ಮೇಲೆ
ನಾನೂ ಎಡಗಿವಿಯ ಅಂಚು ಹಿಡಿದು ಇಳಿದೆ.
ನಡುವಲ್ಲೊಂದು ಗಂಟು:
ಎಂದೋ ಚುಚ್ಚಿಸಿ, ಕೀವಾಗಿ, ಮುಚ್ಚಿಹೋದ ತೂತು.
ಕೊಕ್ಕೆ ದಿನಾ ಕೂರುತ್ತಿದ್ದದ್ದು ಅದರ ನೆತ್ತಿಯ ಮೇಲೆ.
ಒಂದು ಅಕ್ಕಿಕಾಳಿನಷ್ಟು ಕೆಳಗೆ, ಕೊಂಚ ಹಿಂದಕ್ಕೆ ತಿರುಗಿಸಿ ಕೂರಿಸಿದೆ.
ತಲೆ ಅಲ್ಲಾಡಿಸಿದಳು. ಬಗ್ಗಿದಳು. ಎದ್ದಳು. ಬೀಳಲಿಲ್ಲ.
‘ಇದೆಯಾ?’ ಅಂತ ಮುಟ್ಟಿ ನೋಡಿಕೊಂಡಳು.
ಅದಕ್ಕಿಂತ ದೊಡ್ಡ ಹೊಗಳಿಕೆ ನನ್ನ ಯಾವ ಒಡವೆಗೂ ಸಿಕ್ಕಿಲ್ಲ.

‘ನೀವೂ ಕೇಳಿ’ ಅಂದಳು, ಸೆರಗಲ್ಲಿ ಒರೆಸಿ ಕೊಟ್ಟಳು.
ಯಾವುದೋ ಕವ್ವಾಲಿ.
ಬಲಗಿವಿಯಲ್ಲಿ ಹಾರ್ಮೋನಿಯಂ ತೆಳ್ಳಗೆ, ಚೊಕ್ಕವಾಗಿ,
ಪಕ್ಕದ ಮನೆಯವರು ಕಿಟಕಿ ತೆರೆದಿಟ್ಟು ಹಚ್ಚಿದ ಹಾಗೆ.
ಚಪ್ಪಾಳೆ ಚುರುಕು. ತಬಲದ ಬಲಗೈ ಇದೆ,
ಎಡಗೈ ರಸ್ತೆ ದಾಟಿ ಎಲ್ಲೋ ಹೋಗಿದೆ,
ಗುಮ್ ಅನ್ನುವುದೇ ಇಲ್ಲ.
ಹಾಡಿನೊಳಗೇ ಟೊಮೇಟೊದವನ ಕೂಗು, ಗಡಿಯಾರದವನ ಕೆಮ್ಮು.
ಒಂದು ಆಟೋ ಬಂತು, ಹಾಡು ಮುಳುಗಿತು,
ಆಟೋ ಹೋಯಿತು, ತಲೆ ಒದ್ದೆಯಾಗದೆ ಎದ್ದಿತು.
‘ಅದಕ್ಕೇ ಇದನ್ನ ತಗೊಂಡದ್ದು.
ಕಿವಿ ಮುಚ್ಚಿದ್ರೆ ಸೂಪರ್‌ವೈಸರ್ ಕಿತ್ತಿಸ್ತಾನೆ.
ಇದಾದ್ರೆ ಸೈರನ್ನೂ ಕೇಳುತ್ತೆ,
ಪಕ್ಕದ ಮಿಷನ್ನಿನ ರತ್ನವೇಣಿ ಬೈಯೋದೂ ಕೇಳುತ್ತೆ.
ಎಡಗಡೆ ಹೇಗಿದೆ?’

‘ಚೆನ್ನಾಗಿದೆ’ ಅಂದೆ.

ಅವಳು ನನ್ನನ್ನೇ ನೋಡಿದಳು.
‘ಆಚಾರ್ರೇ, ಎಡಗಡೇದು ಬೆಳಿಗ್ಗೇನೇ ಚಾರ್ಜ್ ಮುಗಿದಿದೆ.’

ಅಡಿಗಲ್ಲು ನನ್ನ ಎಡಕ್ಕೆ. ಸುತ್ತಿಗೆ ಬಿದ್ದದ್ದೆಲ್ಲ ಆ ಕಡೆ.
ಮನೆಯಲ್ಲಿ ಹೇಳಿಲ್ಲ.
ಹಿತ್ತಾಳೆ ಕಿವಿಯಾಗಿದ್ದರೆ ಚಾಡಿಯಾದರೂ ಕೇಳುತ್ತಿತ್ತು,
ಇದು ಸೀಸ.

‘ಎಷ್ಟಾಯ್ತು?’
ಅಕ್ಕನ ಚಿನ್ನವನ್ನೂ ಬಿಡದ ಕಸುಬು ನಮ್ಮದು,
ಗಾದೆ ಸುಳ್ಳಾಗಬಾರದು.
ಹತ್ತು ರೂಪಾಯಿ ಇಸ್ಕೊಂಡೆ.

ಅವಳು ಹೋದ ಮೇಲೆ ಮಣೆ ಎತ್ತಿ
ತಿರುಗಿಸಿ ಹಾಕಿಕೊಂಡೆ.
ಬೀದಿ ಈಗ ಬಲಕ್ಕೆ.